ಕಿವಿ ಚುಚ್ಚಿಸಿದಾಗ ರಕ್ತ ಬಂದಿತ್ತಾ? ಕಿಡ್ನಿ ಗೆಡ್ಡೆಯ ಜೊತೆ ಬಂದ ರಕ್ತಸ್ರಾವದ ಒಂದು ಪ್ರಕರಣ

ಮಗುವಿಗೆ ಆಗ ಮೂರೂವರೆ ವರ್ಷ. ತೂಕ 12.5 ಕೆಜಿ. ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಇಲ್ಲಿ ಬರೆಯುತ್ತಿಲ್ಲ. ಗುರುತು ಸಿಗಬಹುದಾದ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ಪುಟ್ಟಿ ಅಂತ ಕರೆಯೋಣ. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವ ವೈದ್ಯರು, ನರ್ಸ್‌ಗಳು, ಲ್ಯಾಬಿನವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಮನೆಯವರು ಓದಿದರೂ ಅರ್ಥ ಆಗಬೇಕು ಅನ್ನೋ ಆಸೆ ಇದೆ.

ಹಿನ್ನೆಲೆ

ಪುಟ್ಟಿಯದು ಬಯಲುಸೀಮೆಯ ಹಳ್ಳಿ. ಒಂದಿಷ್ಟು ತೆಂಗು, ರಾಗಿ ಹೊಲ, ಎರಡು ಹಸು. ಅವಳ ಅಮ್ಮ ಮದುವೆಯಾಗಿರುವುದು ಸ್ವಂತ ಸೋದರತ್ತೆಯ ಮಗನನ್ನು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮನ್ನು ದಾರಿ ತಪ್ಪಿಸಿದ್ದು ಇದೇ.

ಬೇಸಿಗೆ ಶುರುವಾದಾಗ ಮಗುವಿನ ಮೂಗಿನಿಂದ ರಕ್ತ ಬರತೊಡಗಿತು. ವಾರಕ್ಕೆ ಎರಡು ಸಲ, ಮೂರು ಸಲ. ಎಲ್ಲರೂ ಉಷ್ಣ ಅಂದರು. ಅಜ್ಜಿ ಕಾಮಕಸ್ತೂರಿ ಬೀಜ ನೆನೆಸಿ ಕುಡಿಸಿದರು, ದಿನಾ ಎಳನೀರು ಕೊಟ್ಟರು. ಇದರಲ್ಲಿ ತಪ್ಪೇನಿಲ್ಲ. ಬೇಸಿಗೆಯಲ್ಲಿ ಮೂಗು ಒಣಗಿ ರಕ್ತ ಬರುವ ಮಕ್ಕಳು ಬೇಕಾದಷ್ಟಿದ್ದಾರೆ. ಮೊದಲನೇ ಸಲ ನನ್ನ ಹತ್ತಿರ ಬಂದಿದ್ದರೂ ನಾನು ಹೆಚ್ಚುಕಡಿಮೆ ಅದನ್ನೇ ಹೇಳಿರುತ್ತಿದ್ದೆ. ಕಾಲಿನ ಮೇಲೆ ನೀಲಿ ಕಲೆಗಳೂ ಇದ್ದವು. ಓಡಾಡಿ ಆಟ ಆಡುವ ಮಗು, ಬಿದ್ದಿರುತ್ತೆ ಅಂದುಕೊಂಡರು.

ಒಂದು ಶನಿವಾರ ಎಣ್ಣೆ ಹಚ್ಚಿ ಸ್ನಾನ ಮಾಡಿಸುವಾಗ ಅಮ್ಮನ ಕೈಗೆ ಎಡಗಡೆ ಪಕ್ಕೆಲುಬಿನ ಕೆಳಗೆ ಏನೋ ಗಟ್ಟಿಯಾಗಿ ಸಿಕ್ಕಿತು. 'ತೆಂಗಿನ ಚಿಪ್ಪು ಮಗುಚಿ ಇಟ್ಟ ಹಾಗಿತ್ತು ಡಾಕ್ಟ್ರೇ' ಅಂತ ನನಗೆ ಹೇಳಿದರು. ಎರಡು ದಿನ ಬಿಟ್ಟು ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂತು. ಹತ್ತಿರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಎಡ ಕಿಡ್ನಿಯಲ್ಲಿ ಗೆಡ್ಡೆ ಇದೆ ಅಂತ ನಮ್ಮಲ್ಲಿಗೆ ಕಳಿಸಿದರು.

ಸಿಟಿ ಸ್ಕ್ಯಾನಿನಲ್ಲಿ 11 ಸೆಂಟಿಮೀಟರ್ ಗೆಡ್ಡೆ ಕಂಡಿತು. ಶ್ವಾಸಕೋಶ ಸ್ವಚ್ಛವಾಗಿತ್ತು. ಬಿಪಿ ಆ ವಯಸ್ಸಿಗೆ ಜಾಸ್ತಿ ಇತ್ತು: 128/86. ನ್ಯೂರೋಬ್ಲಾಸ್ಟೋಮಾ (ಸಣ್ಣ ಮಕ್ಕಳ ಹೊಟ್ಟೆಯಲ್ಲಿ ಬರುವ ಇನ್ನೊಂದು ಕ್ಯಾನ್ಸರ್) ಇರಬಹುದೇ ಅಂತ ನೋಡುವ ಮೂತ್ರ ಪರೀಕ್ಷೆ ಸರಿ ಬಂತು. ವಯಸ್ಸು, ಗೆಡ್ಡೆಯ ಜಾಗ, ಸ್ಕ್ಯಾನಿನ ಚಿತ್ರ ಎಲ್ಲವೂ ಹೇಳುತ್ತಿದ್ದುದು ಒಂದೇ: ವಿಲ್ಮ್ಸ್ ಗೆಡ್ಡೆ. 1899ರಲ್ಲಿ ಜರ್ಮನಿಯ ಸರ್ಜನ್ ಮ್ಯಾಕ್ಸ್ ವಿಲ್ಮ್ಸ್ ಇದರ ಬಗ್ಗೆ ವಿವರವಾಗಿ ಬರೆದ ಮೇಲೆ ಈ ಹೆಸರು ಬಂತು. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುವ ಕಿಡ್ನಿ ಕ್ಯಾನ್ಸರ್ ಇದು. ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕ್ಯಾನ್ಸರುಗಳಲ್ಲಿ ಒಂದು. ಮನೆಯವರಿಗೆ ಮೊದಲ ದಿನವೇ ಇದನ್ನು ಹೇಳಿದೆ. ಅಪ್ಪ ಒಂದೂ ಮಾತಾಡಲಿಲ್ಲ, ಟವೆಲ್‌ನಲ್ಲಿ ಮುಖ ಒರೆಸಿಕೊಂಡು ಹೊರಗೆ ಹೋದರು.

ಹಾಸಿಗೆಯ ಮೇಲೆ 'ಹೊಟ್ಟೆ ಒತ್ತಿ ನೋಡಬೇಡಿ' ಅಂತ ಬೋರ್ಡ್ ಹಾಕಿದೆವು. ಜೋರಾಗಿ ಒತ್ತಿದರೆ ಗೆಡ್ಡೆ ಒಡೆದು ರೋಗ ಹೊಟ್ಟೆಯೊಳಗೆ ಹರಡಬಹುದು. ಇದು ಎಲ್ಲರಿಗೂ ಗೊತ್ತಿದ್ದ ಅಪಾಯ. ಗೊತ್ತಿಲ್ಲದ ಇನ್ನೊಂದು ಅಪಾಯ ಆ ರಾತ್ರಿ ಕಾಣಿಸಿಕೊಂಡಿತು.

ಒರೆಸಿದಷ್ಟೂ ಬರುವ ರಕ್ತ

ರಾತ್ರಿ ಹನ್ನೊಂದರ ಹೊತ್ತಿಗೆ ವಾರ್ಡಿನ ಸಿಸ್ಟರ್ ಫೋನ್ ಮಾಡಿದರು. ಸಂಜೆ ಸೂಜಿ ಹಾಕಿದ ಜಾಗದಿಂದ ಇನ್ನೂ ರಕ್ತ ಜಿನುಗುತ್ತಿದೆ ಅಂದರು. ಹೋಗಿ ನೋಡಿದೆ. ಟ್ರೇಯಲ್ಲಿ ಕೆಂಪಾದ ಹತ್ತಿ ಉಂಡೆಗಳು. ಎಣಿಸಿದೆ, ಹದಿನಾಲ್ಕು ಇದ್ದವು. ರಕ್ತ ಚಿಮ್ಮುತ್ತಿರಲಿಲ್ಲ. ಪ್ಲಾಸ್ಟರಿನ ಅಂಚಿನಿಂದ ಒಂದೊಂದೇ ಹನಿ ಮೂಡುತ್ತಿತ್ತು. ಒರೆಸಿದರೆ ನಿಂತ ಹಾಗೆ ಅನ್ನಿಸುತ್ತಿತ್ತು, ನಿಮಿಷ ಕಳೆದರೆ ಮತ್ತೆ ಹನಿ. ಮೂಗಿನಲ್ಲೂ ಹೊಸ ರಕ್ತ.

ಕ್ಯಾನ್ಸರ್ ಇರುವ ಮಗುವಿಗೆ ರಕ್ತ ಬಂದರೆ ನಾವೆಲ್ಲ ಮೊದಲು ನೋಡುವುದು ಪ್ಲೇಟ್‌ಲೆಟ್. ಅದು 4.1 ಲಕ್ಷ ಇತ್ತು, ಏನೇನೂ ಕಡಿಮೆ ಇಲ್ಲ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಅಳೆಯುವ ಎರಡು ಪರೀಕ್ಷೆಗಳು ಪಿಟಿ, ಎಪಿಟಿಟಿ. ಪಿಟಿ ಸರಿ ಇತ್ತು. ಹೆಪ್ಪಿನ ಎಳೆ ಕಟ್ಟುವ ಫೈಬ್ರಿನೋಜನ್ ಸರಿ ಇತ್ತು, ಅಂದರೆ ಕೆಲವು ರಕ್ತ ಕ್ಯಾನ್ಸರುಗಳಲ್ಲಿ ಆಗುವ ಹಾಗೆ ಮೈಯೆಲ್ಲ ರಕ್ತ ಹೆಪ್ಪುಗಟ್ಟಿ ಫ್ಯಾಕ್ಟರ್‌ಗಳು (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು) ಖಾಲಿಯಾಗುತ್ತಿರಲಿಲ್ಲ. ಎಪಿಟಿಟಿ ಮಾತ್ರ 54 ಸೆಕೆಂಡ್. ನಮ್ಮ ಲ್ಯಾಬಿನಲ್ಲಿ 36ರ ಒಳಗೆ ಇರಬೇಕು.

ಈ 54 ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ ಅಂತಲ್ಲ. ಮಧ್ಯಾಹ್ನವೇ ರಿಪೋರ್ಟ್ ಬಂದಿತ್ತು. ಸೂಜಿಯ ಲೈನ್‌ನಿಂದ ರಕ್ತ ತೆಗೆದಿದ್ದಾರೆ, ಲೈನ್ ಕಟ್ಟದಿರಲಿ ಅಂತ ಹಾಕಿದ್ದ ಹೆಪಾರಿನ್ ಬೆರೆತಿರಬೇಕು ಅಂತ ಯಾರೋ ಅಂದರು. ನಾನೂ ಇರಬಹುದು ಅಂದೆ. ದಿನಾ ಹತ್ತು ಸಲ ನಡೆಯುವ ಮಾತು ಇದು, ಹತ್ತರಲ್ಲಿ ಒಂಬತ್ತು ಸಲ ನಿಜವೂ ಹೌದು. ಆದರೆ ಬೇರೆ ಕೈಯಿಂದ ಹೊಸದಾಗಿ ರಕ್ತ ತೆಗೆದು ಆಗಲೇ ಮತ್ತೆ ಕಳಿಸಬೇಕಿತ್ತು. ಕಳಿಸಿದ್ದು ರಾತ್ರಿ. 56 ಬಂತು. ಈ ನಡುವೆ ಎಂಟು ಗಂಟೆ ಹೋಗಿತ್ತು. ಆ ಎಂಟು ಗಂಟೆಯಲ್ಲಿ ಸರ್ಜರಿಯವರು ಮಗುವನ್ನು ಎರಡು ದಿನ ಬಿಟ್ಟು ಆಪರೇಷನ್ ಪಟ್ಟಿಗೆ ಸೇರಿಸಿಯೂ ಆಗಿತ್ತು.

ಆ ರಾತ್ರಿ ಪ್ಲಾಸ್ಮಾ (ರಕ್ತದ ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವ) ಕೊಟ್ಟೆವು. ಎಪಿಟಿಟಿ ಇದ್ದ ಹಾಗೇ ಇತ್ತು, ಬಿಪಿ ಮಾತ್ರ 140 ದಾಟಿತು. ಮೊದಲೇ ಬಿಪಿ ಜಾಸ್ತಿ ಇದ್ದ ಮಗುವಿಗೆ ಅಷ್ಟು ನೀರಿನ ಭಾರ ಬೇಕಿರಲಿಲ್ಲ.

ಬೆಳಿಗ್ಗೆ ಲ್ಯಾಬಿನಲ್ಲಿ ಮಗುವಿನ ಪ್ಲಾಸ್ಮಾಕ್ಕೆ ಆರೋಗ್ಯವಂತರ ಪ್ಲಾಸ್ಮಾ ಬೆರೆಸಿ ನೋಡಿದರು. ಎಪಿಟಿಟಿ ಸರಿಹೋಯಿತು. ಯಾವುದೋ ಫ್ಯಾಕ್ಟರ್ ಕಮ್ಮಿ ಇದೆ ಅಂತ ಅರ್ಥ. ಒಂದೊಂದೇ ಅಳೆದರು. ಫ್ಯಾಕ್ಟರ್ 8 ಶೇಕಡ 12. ವಾನ್ ವಿಲೆಬ್ರಾಂಡ್ ಫ್ಯಾಕ್ಟರ್ 6, ಇರಬೇಕಾದ್ದು ಕಡಿಮೆ ಅಂದರೂ 50. ಅದರ ಕೆಲಸದ ಮಟ್ಟ ಅಳತೆಗೇ ಸಿಗಲಿಲ್ಲ.

ವಾನ್ ವಿಲೆಬ್ರಾಂಡ್ ಫ್ಯಾಕ್ಟರ್ ಒಂಥರಾ ಅಂಟು. ರಕ್ತನಾಳ ಕೊಯ್ದುಕೊಂಡ ಜಾಗಕ್ಕೆ ಪ್ಲೇಟ್‌ಲೆಟ್‌ಗಳನ್ನು ಅಂಟಿಸುವುದು ಅದು. ಫ್ಯಾಕ್ಟರ್ 8 ಅನ್ನು ಹೊತ್ತು ಕಾಪಾಡುವುದೂ ಅದೇ. ಹಾಗಾಗಿ ಇದು ಇಳಿದರೆ ಅದೂ ಇಳಿಯುತ್ತದೆ, ಎಪಿಟಿಟಿ ಏರುತ್ತದೆ. ಹುಟ್ಟಿನಿಂದ ಇದು ಕಡಿಮೆ ಇರುವ ಕಾಯಿಲೆಯನ್ನು 1926ರಲ್ಲಿ ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲೆಬ್ರಾಂಡ್ ಆಲಂಡ್ ದ್ವೀಪಗಳ ಒಂದು ಕುಟುಂಬದಲ್ಲಿ ಗುರುತಿಸಿದರು.

ಹುಟ್ಟಿನಿಂದ ಬಂದದ್ದೋ, ಗೆಡ್ಡೆ ತಂದದ್ದೋ

ಇಲ್ಲಿ ನಾವು ತಪ್ಪು ದಾರಿ ಹಿಡಿದೆವು. ಈ ಫ್ಯಾಕ್ಟರ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವ ಮೂರನೇ ಬಗೆಯ ಕಾಯಿಲೆ ಬರಬೇಕಾದರೆ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಅದು ಜಾಸ್ತಿ. ಫೈಲಿನ ಮೊದಲ ಪುಟದಲ್ಲೇ 'ಸೋದರಸಂಬಂಧದ ಮದುವೆ' ಅಂತ ಬರೆದಿತ್ತು. ಅದನ್ನು ಓದಿದ ತಕ್ಷಣ ಎಲ್ಲರ ಮನಸ್ಸಿನಲ್ಲೂ ಉತ್ತರ ಸಿದ್ಧವಾಯಿತು: ಮಗುವಿಗೆ ಎರಡು ಕಾಯಿಲೆ. ಒಂದು ಹುಟ್ಟಿನಿಂದ ಇತ್ತು, ಇನ್ನೊಂದು ಈಗ ಬಂತು.

ಹುಟ್ಟಿನಿಂದ ಬಂದದ್ದು ಅಂತಾದರೆ ದಾರಿ ಸುಲಭ. ಫ್ಯಾಕ್ಟರ್ ಕೊಟ್ಟು ಮಟ್ಟ ಏರಿಸಿ, ಆಪರೇಷನ್ ಮುಗಿಸಿ, ಗಾಯ ಮಾಗುವವರೆಗೆ ಕೊಡುತ್ತಾ ಹೋಗುವುದು. ಆದರೆ ಗೆಡ್ಡೆಯೇ ಆ ಫ್ಯಾಕ್ಟರನ್ನು ಹೀರಿಕೊಳ್ಳುತ್ತಿದ್ದರೆ? ಕೊಟ್ಟದ್ದೆಲ್ಲ ತೂತಿನ ಬಿಂದಿಗೆಗೆ ನೀರು ಹಾಕಿದ ಹಾಗೆ. ಆಗ ಮೊದಲು ಗೆಡ್ಡೆ ಕುಗ್ಗಬೇಕು, ಆಮೇಲೆ ಚಾಕು. ಒಂದೇ ಲ್ಯಾಬ್ ರಿಪೋರ್ಟು, ಎರಡು ಪೂರ್ತಿ ಬೇರೆ ಬೇರೆ ಚಿಕಿತ್ಸೆ.

ಅಪ್ಪ ಅಮ್ಮನ ರಕ್ತ ಪರೀಕ್ಷೆ ಮಾಡಿಸಿದೆವು. ಇಬ್ಬರದೂ ಸರಿ ಇತ್ತು. ಇದರಿಂದ ಏನೂ ತೀರ್ಮಾನ ಆಗಲಿಲ್ಲ, ಯಾಕೆಂದರೆ ಮೂರನೇ ಬಗೆಯಲ್ಲಿ ತಂದೆ ತಾಯಿಗೆ ಎಷ್ಟೋ ಸಲ ಏನೂ ತೊಂದರೆ ಇರುವುದಿಲ್ಲ, ಮಟ್ಟವೂ ಸರಿಯಾಗೇ ಇರಬಹುದು. ಜೀನ್ ಪರೀಕ್ಷೆಗೆ ವಾರಗಟ್ಟಲೆ ಬೇಕು. ಅಷ್ಟು ದಿನ ನಮ್ಮ ಹತ್ತಿರ ಇರಲಿಲ್ಲ.

ತೀರ್ಮಾನ ಆಗಿದ್ದು ವಾರ್ಡಿನಲ್ಲಿ. ಮಧ್ಯಾಹ್ನ ಊಟದ ಹೊತ್ತು. ಅಜ್ಜಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮೊಸರನ್ನ ಕಲಸುತ್ತಿದ್ದರು. ಮಗುವಿನ ಕಿವಿಯಲ್ಲಿ ಅಕ್ಕಿಕಾಳಿನಷ್ಟು ಚಿನ್ನದ ಓಲೆ. ಅದರ ಮೇಲೆ ಕಣ್ಣು ಬಿತ್ತು.

'ಅಜ್ಜಿ, ಕಿವಿ ಚುಚ್ಚಿಸಿದ್ದು ಯಾವಾಗ?'

'ಒಂದು ವರ್ಷಕ್ಕೆ ಮೊದ್ಲೇ. ಮುಡಿ ಕೊಟ್ವಲ್ಲ, ಅವತ್ತೇ ಆಚಾರ್ರನ್ನ ಕರ್ಸಿ ಚುಚ್ಚಿಸ್ದೋ.'

'ರಕ್ತ ಬಂತಾ?'

'ಒಂದು ತೊಟ್ಟು ಬಂತು. ಅರಿಶಿನ ಎಣ್ಣೆ ಹಚ್ಚಿದ್ದೇ ತಡ, ನಿಂತೋಯ್ತು. ಅತ್ತಿದ್ದೇ ಜಾಸ್ತಿ.'

ವಾನ್ ವಿಲೆಬ್ರಾಂಡ್ ಫ್ಯಾಕ್ಟರ್ 6 ಇರುವ ಮಗುವಿಗೆ ಎರಡೂ ಕಿವಿ ಚುಚ್ಚಿದರೆ ಒಂದು ತೊಟ್ಟಿಗೆ ನಿಲ್ಲುವುದಿಲ್ಲ. ಇನ್ನೂ ಕೇಳುತ್ತಾ ಹೋದೆ. ಎರಡು ವರ್ಷದವಳಿದ್ದಾಗ ಹೊಸಿಲ ಮೇಲೆ ಬಿದ್ದು ತುಟಿ ಒಡೆದಿತ್ತು, ಹೊಲಿಗೆ ಇಲ್ಲದೆ ವಾಸಿಯಾಗಿತ್ತು. ಚುಚ್ಚುಮದ್ದು ಹಾಕಿಸಿದಾಗ ತೊಡೆ ಊದಿಕೊಂಡಿದ್ದಿಲ್ಲ. ಹೊಕ್ಕುಳ ಬಳ್ಳಿ ಬಿದ್ದಾಗಲೂ ಏನೂ ಆಗಿರಲಿಲ್ಲ. ಅಂದರೆ ಈ ಮಗು ಹುಟ್ಟಿನಿಂದ ಹೀಗಿರಲಿಲ್ಲ. ಇತ್ತೀಚೆಗೆ ಹೀಗಾಗಿದ್ದಾಳೆ.

ಇಂಥದ್ದೊಂದು ಇದೆ ಅಂತ ಓದಿದ್ದೆ, ಕಂಡಿರಲಿಲ್ಲ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೊಸದಾಗಿ ವಿಲ್ಮ್ಸ್ ಗೆಡ್ಡೆ ಪತ್ತೆಯಾದ 50 ಮಕ್ಕಳನ್ನು ಸಾಲಾಗಿ ಪರೀಕ್ಷಿಸಿದಾಗ 4 ಮಕ್ಕಳಲ್ಲಿ ಹೀಗೆ ನಡುವೆ ಬಂದ ವಾನ್ ವಿಲೆಬ್ರಾಂಡ್ ಕೊರತೆ ಸಿಕ್ಕಿತ್ತು. ಹೆಚ್ಚಿನವರಲ್ಲಿ ರಕ್ತ ಸೋರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅದಕ್ಕೇ ಯಾರ ಗಮನಕ್ಕೂ ಬರುವುದಿಲ್ಲ, ಆಪರೇಷನ್ ಟೇಬಲ್ ಮೇಲೆ ಗೊತ್ತಾಗುವ ಅಪಾಯ ಇದೆ.

ಅದೇ ಸಂಜೆ ಲ್ಯಾಬಿನ ಟೆಕ್ನಿಷಿಯನ್ ಒಬ್ಬರು ಮೇಲೆ ಹತ್ತಿ ಬಂದರು. ಫೋನ್ ಮಾಡಬಹುದಿತ್ತು, ನೇರ ಬಂದರು. 'ಸರ್, ಆ ಮಗುವಿನ ಪ್ಲಾಸ್ಮಾ ಪೈಪೆಟ್‌ನಲ್ಲಿ ಎಳೆ ಎಳೆಯಾಗಿ ಬರ್ತಿದೆ. ಲೋಳೆಸರ ಮುರಿದಾಗ ಬರುತ್ತಲ್ಲ, ಹಾಗೆ. ಮಷಿನ್ ಎರಡು ಸಲ ನಿಂತುಹೋಯ್ತು.' ಮೂರನೇ ಸಲ ಮಷಿನ್ ತೊಳೆದು ಸುಮ್ನೆ ಇದ್ದುಬಿಡಬಹುದಿತ್ತು ಅವರು. ಕೆಲವು ವಿಲ್ಮ್ಸ್ ಗೆಡ್ಡೆಗಳು ಹಯಲುರೋನಿಕ್ ಆಸಿಡ್ ಅನ್ನುವ ಲೋಳೆಯಂಥ ವಸ್ತುವನ್ನು ರಕ್ತಕ್ಕೆ ಬಿಡುತ್ತವೆ. ನಮ್ಮ ಕೀಲುಗಳಲ್ಲಿ, ಕಣ್ಣಿನೊಳಗೆ ಇರುವುದೂ ಇದೇ. ರಕ್ತದಲ್ಲಿ ಇದು ಹೆಚ್ಚಾದ ಮಕ್ಕಳಲ್ಲಿ ವಾನ್ ವಿಲೆಬ್ರಾಂಡ್ ಫ್ಯಾಕ್ಟರ್ ಇಳಿದದ್ದನ್ನು ಹಿಂದೆಯೂ ವೈದ್ಯರು ದಾಖಲಿಸಿದ್ದಾರೆ. ಗೆಡ್ಡೆಯ ಕೋಶಗಳೇ ಫ್ಯಾಕ್ಟರನ್ನು ಹಿಡಿದಿಟ್ಟುಕೊಳ್ಳುವುದೂ ಉಂಟು. ಆ ಆಸಿಡ್ ಅಳೆಯುವ ಪರೀಕ್ಷೆ ನಮ್ಮಲ್ಲಿ ಇರಲಿಲ್ಲ. ಆದರೆ ಟೆಕ್ನಿಷಿಯನ್ ಕಂಡ ಎಳೆ ನನಗೆ ಸಾಕಾಗಿತ್ತು.

ಏನು ಮಾಡಿದೆವು, ಏನು ಬಿಟ್ಟೆವು

ಆಪರೇಷನ್ ಪಟ್ಟಿಯಿಂದ ಹೆಸರು ತೆಗೆಸುವುದು ಸುಲಭದ ಮಾತಾಗಿರಲಿಲ್ಲ. ಸರ್ಜನ್ ಕೇಳಿದ್ದು ನ್ಯಾಯವಾದ ಪ್ರಶ್ನೆ: 'ಕಿವಿ ಚುಚ್ಚಿದ ಕಥೆ ನಂಬಿ ಕ್ಯಾನ್ಸರ್ ಗೆಡ್ಡೆಯನ್ನ ಒಳಗೇ ಬಿಡೋದಾ?' ಆಗ ಒಂದು ಪರೀಕ್ಷೆಗೆ ಒಪ್ಪಿಕೊಂಡೆವು. ವಾನ್ ವಿಲೆಬ್ರಾಂಡ್ ಫ್ಯಾಕ್ಟರ್ ಇರುವ ಔಷಧಿ 500 ಯೂನಿಟ್ ಕೊಟ್ಟು, ಅದು ಎಷ್ಟು ಹೊತ್ತು ನಿಲ್ಲುತ್ತದೆ ನೋಡುವುದು. ಹುಟ್ಟಿನಿಂದ ಕೊರತೆ ಇರುವವರಲ್ಲಿ ಕೊಟ್ಟದ್ದು ಅರ್ಧಕ್ಕೆ ಇಳಿಯಲು 12 ಗಂಟೆ, ಕೆಲವರಲ್ಲಿ ಇನ್ನೂ ಜಾಸ್ತಿ ಬೇಕು. ಪುಟ್ಟಿಗೆ ಅರ್ಧ ಗಂಟೆಗೆ 51 ಇತ್ತು, ನಾಲ್ಕು ಗಂಟೆಗೆ 17. ಸರ್ಜನ್ ರಿಪೋರ್ಟ್ ನೋಡಿ, ಪಟ್ಟಿಯಲ್ಲಿ ತಾವೇ ಹೆಸರು ಹೊಡೆದುಹಾಕಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ರಾಜ್ಯದಲ್ಲಿ ಹೀಮೋಫಿಲಿಯಾ, ಅಂದರೆ ಕುಸುಮರೋಗದ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ 8 ಉಚಿತವಾಗಿ ಸಿಗುತ್ತದೆ. ದೊಡ್ಡ ಉಪಕಾರ ಅದು. ಅದನ್ನೇ ತರಿಸೋಣ, ಫ್ಯಾಕ್ಟರ್ 8 ಕೂಡ 12 ಇದೆಯಲ್ಲ ಅಂತ ಒಬ್ಬರು ಅಂದರು. ಆದರೆ ತುಂಬಾ ಶುದ್ಧ ಮಾಡಿದ ಫ್ಯಾಕ್ಟರ್ 8ರಲ್ಲೂ, ಜೀನ್ ತಂತ್ರದಿಂದ ತಯಾರಿಸಿದ್ದರಲ್ಲೂ ವಾನ್ ವಿಲೆಬ್ರಾಂಡ್ ಇರುವುದಿಲ್ಲ. ಹೊರುವವನೇ ಇಲ್ಲದಿದ್ದರೆ ಹೊರೆ ಕಳಿಸಿ ಏನು ಪ್ರಯೋಜನ? ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿ. ಎರಡೂ ಇರುವ, ಪ್ಲಾಸ್ಮಾದಿಂದ ತೆಗೆದ ಔಷಧಿಯೇ ಬೇಕು. ಅದು ಸಿಗದ ರಾತ್ರಿಗಳಿಗೆ ಬ್ಲಡ್ ಬ್ಯಾಂಕಿನಲ್ಲಿ ಪ್ಲಾಸ್ಮಾದಿಂದ ಬೇರ್ಪಡಿಸಿದ, ಈ ಎರಡೂ ಫ್ಯಾಕ್ಟರ್ ಇರುವ ಕ್ರಯೋ ಇದೆ. ಸಣ್ಣ ಚೀಲ, ಪ್ಲಾಸ್ಮಾದಷ್ಟು ನೀರಿನ ಭಾರ ಇಲ್ಲ. ಮೂಗಿನ ರಕ್ತ ನಿಲ್ಲದ ಎರಡು ರಾತ್ರಿ ನಮ್ಮ ಕೈ ಹಿಡಿದದ್ದು ಕ್ರಯೋ.

ಬಿಟ್ಟದ್ದು ಮೂರು. ಬಯಾಪ್ಸಿ (ಗೆಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದು) ಮಾಡಲಿಲ್ಲ: ಈ ವಯಸ್ಸಿಗೆ, ಈ ಸ್ಕ್ಯಾನಿಗೆ ಬಯಾಪ್ಸಿ ಇಲ್ಲದೆಯೇ ಕೀಮೊ ಶುರು ಮಾಡುವ ಯುರೋಪಿನ ಕ್ರಮವನ್ನು ಹಿಡಿದೆವು, ಸೂಜಿ ಹಾಕಿದ್ದರೆ ಗೆಡ್ಡೆಯೊಳಗೆ ರಕ್ತ ತುಂಬುವ ಭಯವಿತ್ತು. ಹೆಪ್ಪು ಕರಗದಂತೆ ತಡೆದು ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕುಡಿಸಲಿಲ್ಲ: ಮೂತ್ರದಲ್ಲಿ ರಕ್ತ ಹೋಗುತ್ತಿರುವಾಗ ಅದನ್ನು ಕೊಟ್ಟರೆ ಹೆಪ್ಪು ಕಟ್ಟಿ ಮೂತ್ರನಾಳವೇ ಮುಚ್ಚಿಕೊಳ್ಳಬಹುದು. ಬಟ್ಟೆಗೆ ಅದ್ದಿ ಮೂಗಿನಲ್ಲಿ ಮಾತ್ರ ಇಟ್ಟೆವು, ಚೆನ್ನಾಗಿ ಕೆಲಸ ಮಾಡಿತು. ಇನ್ನೊಂದು ಡೆಸ್ಮೋಪ್ರೆಸ್ಸಿನ್. ಮೈಯಲ್ಲೇ ಕೂಡಿಟ್ಟ ವಾನ್ ವಿಲೆಬ್ರಾಂಡ್ ಅನ್ನು ಹೊರಗೆ ಬಿಡಿಸುವ ಒಳ್ಳೆಯ, ಅಗ್ಗದ ಔಷಧಿ. ಆದರೆ ಅದು ಮೈಯಲ್ಲಿ ನೀರು ಹಿಡಿಸಿ ಸೋಡಿಯಂ ಇಳಿಸುತ್ತದೆ, ಸಣ್ಣ ಮಕ್ಕಳಿಗೆ ಅದರಿಂದ ಫಿಟ್ಸ್ ಬರಬಹುದು. ನಾವು ಕೊಡಬೇಕಿದ್ದ ವಿನ್‌ಕ್ರಿಸ್ಟಿನ್ ಅನ್ನುವ ಕೀಮೊ ಔಷಧಿ ಕೂಡ ಒಮ್ಮೊಮ್ಮೆ ಇದನ್ನೇ ಮಾಡುತ್ತದೆ. ಎರಡನ್ನೂ ಒಟ್ಟಿಗೆ ಕೊಡಲು ನನಗೆ ಧೈರ್ಯ ಬರಲಿಲ್ಲ. ಬೇರೆ ಔಷಧಿ ಸಿಗದ ಊರಿನಲ್ಲಿದ್ದರೆ ಬಹುಶಃ ಕುಡಿಯುವ ನೀರಿಗೆ ಮಿತಿ ಹಾಕಿ, ಸೋಡಿಯಂ ನೋಡುತ್ತಾ ಕೊಡುತ್ತಿದ್ದೆನೋ ಏನೋ.

ಕೀಮೊ ಅಂದರೆ ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್, ಒಂದನೇ ಮತ್ತು ಮೂರನೇ ವಾರ ಆಕ್ಟಿನೋಮೈಸಿನ್, ಒಟ್ಟು ನಾಲ್ಕು ವಾರ. ಎರಡೂ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ ಸುಟ್ಟುಹೋಗುತ್ತದೆ. ಎದೆಯಲ್ಲಿ ಪೋರ್ಟ್ (ಚರ್ಮದಡಿ ಕೂರಿಸಿ, ದೊಡ್ಡ ರಕ್ತನಾಳಕ್ಕೆ ಔಷಧಿ ಕೊಡುವ ಸಾಧನ) ಇಟ್ಟರೆ ಸುರಕ್ಷಿತ, ಆದರೆ ಪೋರ್ಟ್ ಇಡುವುದೇ ಒಂದು ಆಪರೇಷನ್. ಹಾಗಾಗಿ ಪ್ರತಿ ಸಲ ಕೈಗೆ ಹೊಸ ಸೂಜಿ ಹಾಕಿ, ಔಷಧಿ ಹೋಗಿ ಮುಗಿಯುವವರೆಗೆ ಒಬ್ಬರು ಪಕ್ಕದಲ್ಲೇ ಕೂತಿರುವುದು ಅಂತ ಮಾಡಿಕೊಂಡೆವು. ಸೂಜಿ ತೆಗೆದ ಮೇಲೆ ಗಡಿಯಾರ ನೋಡಿ ಇಪ್ಪತ್ತು ನಿಮಿಷ ಒತ್ತಿಹಿಡಿಯುವ ಕೆಲಸ ಅಮ್ಮನದು. ಒತ್ತುವುದನ್ನು ಅವರಷ್ಟು ಚೆನ್ನಾಗಿ ನಮ್ಮ ಯಾರಿಗೂ ಬರುತ್ತಿರಲಿಲ್ಲ.

ಏನಾಯಿತು

ಭಯ ಆಗಿದ್ದು ಎರಡನೇ ವಾರ. ವಾನ್ ವಿಲೆಬ್ರಾಂಡ್ 21ಕ್ಕೆ ಏರಿತ್ತು, ಅಷ್ಟರಲ್ಲಿ ಕೀಮೊದಿಂದ ಪ್ಲೇಟ್‌ಲೆಟ್ 68,000ಕ್ಕೆ ಇಳಿಯಿತು. ಅಂಟೂ ಕಮ್ಮಿ, ಅಂಟಿಸಬೇಕಾದ ಪ್ಲೇಟ್‌ಲೆಟ್ಟೂ ಕಮ್ಮಿ. ಮನೆಗೆ ಕಳಿಸುವ ಯೋಚನೆ ಇತ್ತು, ಬಿಟ್ಟೆವು. ಅಪ್ಪ ಹಸು ನೋಡಿಕೊಳ್ಳಲು ಊರಿಗೆ ಹೋದರು. ಅಮ್ಮ, ಅಜ್ಜಿ ಉಳಿದರು. ಐದು ದಿನ ಮಗುವನ್ನು ಮಂಚದಿಂದ ಇಳಿಸಲಿಲ್ಲ. ಐದು ದಿನವೂ ಒಂದು ಹನಿ ರಕ್ತ ಬರಲಿಲ್ಲ.

ಹತ್ತನೇ ದಿನದಿಂದಲೇ ಮೂಗಿನ ರಕ್ತ ನಿಂತಿತ್ತು. ಮೂರನೇ ವಾರ ಎಪಿಟಿಟಿ 37. ನಾಲ್ಕನೇ ವಾರದ ಕೊನೆಗೆ ಗೆಡ್ಡೆ 6 ಸೆಂಟಿಮೀಟರ್, ಎಪಿಟಿಟಿ 33, ವಾನ್ ವಿಲೆಬ್ರಾಂಡ್ 74. ಜ್ವರ, ನೋವು, ಹೆದರಿಕೆ ಇದ್ದಾಗಲೂ ಈ ಫ್ಯಾಕ್ಟರ್ ತಾತ್ಕಾಲಿಕವಾಗಿ ಏರುತ್ತದೆ, ಹಾಗಾಗಿ ಒಂದು ರಿಪೋರ್ಟ್ ನಂಬದೆ ಮೂರು ದಿನ ಬಿಟ್ಟು ಮತ್ತೆ ನೋಡಿದೆವು: 71. ಲ್ಯಾಬಿನವರು ಕೇಳದೆಯೇ ಚೀಟಿಯ ಕೆಳಗೆ ಬರೆದು ಕಳಿಸಿದ್ದರು, 'ಪ್ಲಾಸ್ಮಾ ತೆಳ್ಳಗಿದೆ.'

ಐದನೇ ವಾರ ಆಪರೇಷನ್. ಫ್ಯಾಕ್ಟರಿನ ಬಾಟಲಿಗಳನ್ನು ಐಸ್ ಡಬ್ಬದಲ್ಲಿ ಥಿಯೇಟರಿನೊಳಗೆ ಇಟ್ಟಿದ್ದೆವು. ಒಂದನ್ನೂ ತೆರೆಯಬೇಕಾಗಲಿಲ್ಲ, ಹಾಗೇ ವಾಪಸ್ ಫಾರ್ಮಸಿಗೆ ಹೋದವು. ಗೆಡ್ಡೆ ಕಿಡ್ನಿಯ ಸಮೇತ, ಒಡೆಯದೆ, ಪೂರ್ತಿ ಬಂತು. ಮೊದಲನೇ ಹಂತ, ಮಧ್ಯಮ ಅಪಾಯದ ಬಗೆ ಅಂತ ಪೆಥಾಲಜಿ ಹೇಳಿತು. ಆಮೇಲೆ ಇನ್ನು ನಾಲ್ಕು ವಾರ ಕೀಮೊ, ಅಷ್ಟೇ.

ಈ ಪ್ರಕರಣದ ನಂತರ ನಮ್ಮ ವಾರ್ಡಿನಲ್ಲಿ ಮೂರು ಕೆಲಸ ಬದಲಾಗಿವೆ. ಕಿಡ್ನಿ ಗೆಡ್ಡೆ ಇರುವ ಪ್ರತಿ ಮಗುವಿಗೂ ಆಪರೇಷನ್, ಬಯಾಪ್ಸಿ, ಪೋರ್ಟ್ ಯಾವುದಕ್ಕೂ ಮೊದಲು ವಾನ್ ವಿಲೆಬ್ರಾಂಡ್ ಮಟ್ಟ ನೋಡುತ್ತೇವೆ. ಎಪಿಟಿಟಿ ಸರಿ ಇದ್ದರೂ ನೋಡುತ್ತೇವೆ, ಯಾಕೆಂದರೆ ಫ್ಯಾಕ್ಟರ್ 8 ತೀರಾ ಇಳಿಯದಿದ್ದರೆ ಎಪಿಟಿಟಿ ಬಾಯಿ ಬಿಡುವುದಿಲ್ಲ. ಎಪಿಟಿಟಿ ಏರಿದ್ದರೆ ತಪ್ಪನ್ನು ಹೆಪಾರಿನ್ ಮೇಲೆ ಹಾಕುವ ಮೊದಲು ಬೇರೆ ಕೈಯಿಂದ ಅರ್ಧ ಗಂಟೆಯೊಳಗೆ ಮತ್ತೆ ರಕ್ತ ಹೋಗಬೇಕು. ಇನ್ನೊಂದು, ದಾಖಲಾತಿಯ ಫಾರಂನಲ್ಲಿ ಸಂಬಂಧದ ಮದುವೆಯೇ ಅನ್ನುವ ಪ್ರಶ್ನೆಯ ಕೆಳಗೇ ಈಗ ಒಂದು ಸಾಲು ಸೇರಿಸಿದ್ದೇವೆ: ಕಿವಿ ಚುಚ್ಚಿಸಿದಾಗ, ಬಿದ್ದಾಗ, ಚುಚ್ಚುಮದ್ದು ಹಾಕಿಸಿದಾಗ ಎಷ್ಟು ರಕ್ತ ಬಂತು? ಗಂಡುಮಗುವಾದರೂ ಕೇಳಿ. ನಮ್ಮ ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳಿಗೂ ಕಿವಿ ಚುಚ್ಚಿಸುತ್ತಾರಲ್ವಾ. ಉತ್ತರ ಅಪ್ಪನಿಗೆ ಗೊತ್ತಿರುವುದಿಲ್ಲ, ಅಮ್ಮನಿಗೂ ಒಮ್ಮೊಮ್ಮೆ ಮರೆತಿರುತ್ತದೆ. ಮಗುವನ್ನು ಮಡಿಲಲ್ಲಿ ಹಿಡಿದು ಕೂತಿದ್ದವರು ಯಾರು ಅಂತ ಹುಡುಕಿ, ಅವರನ್ನು ಕೇಳಿ.

ಪುಟ್ಟಿಗೆ ಈಗ ಐದು ವರ್ಷ ಸಮೀಪಿಸಿದೆ. ಮೂರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನ್, ಎದೆಯ ಎಕ್ಸ್-ರೇ. ಕಳೆದ ಸಲ ವಾನ್ ವಿಲೆಬ್ರಾಂಡ್ 92 ಇತ್ತು. ಅಂಗನವಾಡಿಗೆ ಹೋಗುತ್ತಾಳೆ, ಬೀಳುತ್ತಾಳೆ, ಏಳುತ್ತಾಳೆ. ಗೆಡ್ಡೆ ಮತ್ತೆ ಬಂದರೆ ಅದರ ಜೊತೆ ಈ ತೊಂದರೆಯೂ ಮರಳಬಹುದು ಅಂತ ಮನೆಯವರಿಗೆ ಬಿಡಿಸಿ ಹೇಳಿದ್ದೇನೆ. ಮೂಗಿನಿಂದ ರಕ್ತ ಬಂದರೆ ಉಷ್ಣ ಅಂತ ಸುಮ್ಮನಿರಬೇಡಿ ಅಜ್ಜಿ, ಮಾರನೇ ದಿನವೇ ಬನ್ನಿ ಅಂದೆ.

'ಎಳನೀರೂ ಕುಡಿಸ್ತೀನಿ ಡಾಕ್ಟ್ರೇ, ಬಸ್ಸೂ ಹತ್ತಿಸ್ತೀನಿ' ಅಂದರು.